ನಾಲ್ಕು ಗಂಟೆಯ ಬೋಟು: ಹುಬ್ಬಳ್ಳಿಯಿಂದ ಶರಾವತಿ ಅಳಿವೆಗೆ ಒಂದು ಸೀಸನ್

2024ರ ನವೆಂಬರ್ 24ರಿಂದ 2025ರ ಫೆಬ್ರವರಿ 9ರವರೆಗೆ ಹನ್ನೆರಡು ಭಾನುವಾರ. ಅದರಲ್ಲಿ ಹನ್ನೊಂದು ಸಲ ಹುಬ್ಬಳ್ಳಿಯಿಂದ ಒಂದು ಮಿನಿ ಬಸ್, ಶರಾವತಿ ನದಿ ಸಮುದ್ರ ಸೇರುವ ಹೊನ್ನಾವರಕ್ಕೆ ಹೋಗಿ ಬಂತು. ಕೆಲವು ವಾರ ಹೋದವರು ಖುಷಿಯಿಂದ ಫೋಟೋ ಕಳಿಸಿದರು, ಕೆಲವು ವಾರ ಹೋದವರು ದುಡ್ಡು ವಾಪಸ್ ಕೇಳಿದರು. ಬಸ್ಸು ಅದೇ, ಬೋಟು ಅದೇ, ದರ ಅದೇ. ಹಾಗಿದ್ದರೂ ಒಂದು ವಾರ ಹಬ್ಬ, ಒಂದು ವಾರ ಜಗಳ ಯಾಕಾಯಿತು ಅನ್ನುವುದೇ ಈ ಪ್ರಕರಣ. ಟೈಮ್ ಟೇಬಲ್ ಮಾಡಿದ್ದು ನಾನೇ ಆದ್ದರಿಂದ ಬರೆಯುವ ಹೊಣೆಯೂ ನನ್ನದೇ.

ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಈಗ ರಿಟೈರ್ಡ್. ಅಕ್ಕನ ಮಗ, ನಮ್ಮ ಅಳಿಯ, ಬಾಡಿಗೆ ಗಾಡಿಗಳನ್ನು ಇಟ್ಟುಕೊಂಡಿದ್ದಾನೆ. ಮದುವೆ ಸೀಸನ್ ಇಲ್ಲದಾಗ ಗಾಡಿ ಸುಮ್ನೆ ನಿಲ್ಲುತ್ತವೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಬಂದ. "ಮಾಮಾ, ನಮ್ಮ ಮಂದಿಗೆ ನೀರು ಅಂದ್ರ ಉಣಕಲ್ ಕೆರೀನ. ಹೊನ್ನಾವರದಾಗ ಬೋಟ್ ಅದಾವು. ಭಾನುವಾರಕ್ಕೊಮ್ಮೆ ಕರಕೊಂಡು ಹೋಗೋಣೇನ್ರಿ?"

ನನಗೆ ಅಷ್ಟೇ ಸಾಕಾಗಿತ್ತು. ಉಗಿ ಹಡಗು ಅಂದರೆ ನನಗೆ ಹುಚ್ಚು. ಅದರಲ್ಲೂ ಸ್ಕಾಟ್ಲೆಂಡಿನ ವೇವರ್ಲಿ. ಎರಡೂ ಪಕ್ಕದಲ್ಲಿ ಗಾಲಿಯಂಥ ದೊಡ್ಡ ಚಕ್ರ, ಅದರ ಹಲಗೆಗಳು ನೀರನ್ನು ತಳ್ಳುತ್ತಾ ಹಡಗನ್ನು ಓಡಿಸುತ್ತವೆ. 1946ರಲ್ಲಿ ನೀರಿಗಿಳಿದು, 1947ರಲ್ಲಿ ಕೆಲಸಕ್ಕೆ ಹತ್ತಿದ ಹಡಗು. ಕಟ್ಟಿಸಿದ್ದು ಯಾವುದೋ ಹಡಗು ಕಂಪನಿ ಅಲ್ಲ, ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ. ರೈಲಿನಲ್ಲಿ ಕ್ರೇಗೆಂಡೋರನ್ ಧಕ್ಕೆವರೆಗೆ ಬಂದ ಜನರನ್ನು ಹತ್ತಿಸಿಕೊಂಡು ಕ್ಲೈಡ್ ಅಳಿವೆ ಸುತ್ತಿಸುವುದು ಅದರ ಕೆಲಸ. 1974ರಲ್ಲಿ ಒಂದೇ ಒಂದು ಪೌಂಡಿಗೆ ಉಗಿ ಹಡಗು ಪ್ರೇಮಿಗಳ ಸಂಘದ ಕೈಗೆ ಬಂತು. ಇವತ್ತಿಗೂ ಬೇಸಿಗೆಯಲ್ಲಿ ಜನರನ್ನು ಕೂರಿಸಿಕೊಂಡು ಹೊರಡುತ್ತದೆ.

ಅದರ ಎಂಜಿನ್ ನೋಡಿದರೆ ಫಿಟ್ಟರ್ ಆದವನಿಗೆ ನಿದ್ದೆ ಬರಲ್ಲ. ನಮ್ಮ ರೈಲು ಎಂಜಿನ್‌ಗಳಲ್ಲಿ ಉಗಿ ಸಿಲಿಂಡರಿನಲ್ಲಿ ಒಮ್ಮೆ ಕೆಲಸ ಮಾಡಿ ಚಿಮಣಿಯಿಂದ ಹೊರಗೆ ಹೋಗುತ್ತಿತ್ತು. ಆ ಭುಸ್ ಭುಸ್ ಸದ್ದು ಅದೇ. ವೇವರ್ಲಿಯಲ್ಲಿ ಅದೇ ಉಗಿ ಮೊದಲು ಸಣ್ಣ ಸಿಲಿಂಡರ್, ಆಮೇಲೆ ಮಧ್ಯಮದ್ದು, ಕೊನೆಗೆ ದೊಡ್ಡದು, ಹೀಗೆ ಮೂರು ಕಡೆ ದುಡಿದು, ಮತ್ತೆ ತಣ್ಣಗಾಗಿ ನೀರಾಗಿ ಬಾಯ್ಲರಿಗೆ ಹೋಗುತ್ತದೆ. 2100 ಅಶ್ವಶಕ್ತಿ, ಆದರೂ ಸದ್ದಿಲ್ಲ. ಪ್ರಯಾಣಿಕರು ಪಕ್ಕದಲ್ಲೇ ನಿಂತು ಕ್ರ್ಯಾಂಕ್ ತಿರುಗುವುದನ್ನು ನೋಡಬಹುದು. ಹೊನ್ನಾವರದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಅಲ್ಲಿರುವುದು ಮೇಲೆ ತಾಡಪಾಲು ಕಟ್ಟಿದ ಡೀಸೆಲ್ ಬೋಟು. ಆದರೂ ಅಳಿವೆ ಅಳಿವೆಯೇ ಅಲ್ವಾ ಅಂದುಕೊಂಡೆ. ನದಿ ಸಮುದ್ರ ಸೇರುವ ಜಾಗಕ್ಕೆ ಅಲ್ಲಿಯವರು ಅಳಿವೆ ಅನ್ನುತ್ತಾರೆ. ಆ ಮಾತನ್ನು ಇಷ್ಟು ಹಗುರವಾಗಿ ಅಂದುಕೊಂಡಿದ್ದಕ್ಕೆ ಆಮೇಲೆ ಸರಿಯಾಗಿ ದಂಡ ಕಟ್ಟಿದೆ.

ಟೈಮ್ ಟೇಬಲ್ ಹೀಗಿತ್ತು. ಬೆಳಿಗ್ಗೆ 6ಕ್ಕೆ ಹುಬ್ಬಳ್ಳಿ ಬಿಡುವುದು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕುಮಟಾ. ಹನ್ನೊಂದರ ಹೊತ್ತಿಗೆ ಹೊನ್ನಾವರ. ನಂತರ ಇಡಗುಂಜಿ ಗಣಪತಿ ದರ್ಶನ, ಊಟ, ಸ್ವಲ್ಪ ಬೀಚು. ಸಂಜೆ 4ಕ್ಕೆ ಬೋಟು. ಕಾಂಡ್ಲಾ (ಉಪ್ಪು ನೀರಿನ ಕೆಸರಿನಲ್ಲಿ ಬೆಳೆಯುವ ಮರ) ಕಾಡಿನ ನಡುವೆ ಹೋಗಿ, ಒಂದು ಕುರ್ವೆ (ನದಿ ನಡುವಿನ ನಡುಗಡ್ಡೆ) ಸುತ್ತಿ, ಸುಮಾರು ಒಂದೂವರೆ ತಾಸಿನಲ್ಲಿ ವಾಪಸ್. ರಾತ್ರಿ ಹನ್ನೊಂದಕ್ಕೆ ಮನೆ. ತಲೆಗೆ 1,400 ರೂಪಾಯಿ, 22 ಸೀಟು. ಕಾರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ: "ಪ್ರತಿ ಭಾನುವಾರ ಸಂಜೆ 4ಕ್ಕೆ ಸರಿಯಾಗಿ." ರೈಲ್ವೆಯವನಿಗೆ ಗಡಿಯಾರವೇ ದೇವರು. "ಸರಿಯಾಗಿ" ಅನ್ನುವ ಪದ ನಾನೇ ಸೇರಿಸಿದ್ದು.

ನವೆಂಬರ್ 24ರ ಮೊದಲ ಟ್ರಿಪ್ ಎಷ್ಟು ಚೆನ್ನಾಗಾಯಿತೆಂದರೆ ಅಳಿಯ ಇನ್ನೊಂದು ಗಾಡಿ ಕೊಳ್ಳುವ ಮಾತಾಡಿದ. ಡಿಸೆಂಬರ್ 1ರಂದು ಬೋಟು ಅರ್ಧ ದಾರಿಗೇ ತಿರುಗಿತು. ಕಾಂಡ್ಲಾ ಬೇರುಗಳೆಲ್ಲ ಕೆಸರಿನಲ್ಲಿ ಬೆತ್ತಲೆ ನಿಂತಿದ್ದವು, ವಾಸನೆ ಬೇರೆ. ಗದಗಿನಿಂದ ಬಂದ ಒಬ್ಬರು, "ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನ್ರಿ? ನಮ್ಮೂರ ಹಳ್ಳ ಏನಾಗಿತ್ತು?" ಎಂದರು. 8ರಂದು ಮತ್ತೆ ಪೂರ್ತಿ ಸುತ್ತು, ಎಲ್ಲರೂ ಖುಷ್.

ಮೊದಲ ಅನುಮಾನ ಬಿದ್ದಿದ್ದು ಬೋಟಿನವರ ಮೇಲೆ. ಡೀಸೆಲ್ ಉಳಿಸುತ್ತಿದ್ದಾರೆ ಅಂತ ಅಳಿಯ. ನನಗೂ ಹಾಗೇ ಅನಿಸಿತು. ಒಳಗೊಳಗೇ ಲೆಕ್ಕ ಹಾಕಿ, ಅರ್ಧ ಸುತ್ತಿಗೆ ಅರ್ಧ ದುಡ್ಡು ಅಂತ ಅವರ ಜೊತೆ ವಾದವನ್ನೂ ಮಾಡಿದೆ. ಆ ಮನುಷ್ಯ ತಿರುಗಿ ಒಂದು ಮಾತಾಡಲಿಲ್ಲ. "ನೀರಿಲ್ಲ ಮಾರಾಯ್ರೆ, ಎಂತ ಮಾಡೂದು?" ಅಂದರು ಅಷ್ಟೇ. ನದಿಯ ನಡುವೆ ನಿಂತು ನೀರಿಲ್ಲ ಅಂದರೆ ಹುಬ್ಬಳ್ಳಿಯವರು ನಂಬುತ್ತಾರಾ? ನಮ್ಮ ಕಡೆ ನೀರಿಲ್ಲ ಅಂದರೆ ನಲ್ಲಿಗೆ ವಾರಗಟ್ಟಲೆ ಬರಲಿಲ್ಲ ಅಂತ ಅರ್ಥ.

ಎರಡನೇ ಅನುಮಾನ ಡ್ಯಾಮಿನ ಮೇಲೆ. ಮೇಲೆ ಗೇರುಸೊಪ್ಪದಲ್ಲಿ ಅಣೆಕಟ್ಟು ಇದೆ, ಕರೆಂಟು ತೆಗೆಯಲು ನೀರು ಬಿಡುತ್ತಾರೆ. ಭಾನುವಾರ ಬಿಡೋದು ಕಮ್ಮಿ ಇರಬೇಕು ಅಂತ ನನ್ನ ತರ್ಕ. ಆದರೆ ಎಲ್ಲವೂ ಭಾನುವಾರವೇ ಆಗಿದ್ದವು. ಒಂದು ಭಾನುವಾರ ನೀರಿದ್ದು ಮತ್ತೊಂದಕ್ಕೆ ಯಾಕಿಲ್ಲ? ತರ್ಕ ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ಅಳಿಯ "ಬೆಳದಿಂಗಳ ಸ್ಪೆಷಲ್" ಅಂತ ಒಂದು ಕಾರ್ಡ್ ಮಾಡಿಸಿದ್ದ. ಡಿಸೆಂಬರ್ 15, ಹೊಸ್ತಿಲ ಹುಣ್ಣಿಮೆ, ಅದೂ ಭಾನುವಾರ. ಬೋಟಿನಲ್ಲಿ ಕೂತು ಚಂದ್ರ ಏಳುವುದನ್ನು ನೋಡಬೇಕು ಅಂತ ನಾಲ್ಕರ ಬೋಟನ್ನು ನಾಲ್ಕೂವರೆಗೆ ತಳ್ಳಿದೆವು. ಎರಡೇ ದಿನದಲ್ಲಿ ಸೀಟು ಫುಲ್.

ಆ ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊರಡುವಾಗಲೇ ಬೋಟಿನವರ ಮುಖ ಸರಿ ಇರಲಿಲ್ಲ. "ಒಳಗೆ ಹೋಗೂದು ಬೇಡ, ಇಲ್ಲೇ ಹೊರಗೆ ಸುತ್ತುವ" ಅಂದರು. ನಾನು ಕಾರ್ಡ್ ತೋರಿಸಿದೆ. ಕಾರ್ಡಿನಲ್ಲಿ ಕುರ್ವೆ ಸುತ್ತು ಅಂತ ಬರೆದಿದೆ ಅಲ್ವಾ? ಅವರು ಮಾತಿಲ್ಲದೆ ಎಂಜಿನ್ ಚಾಲೂ ಮಾಡಿದರು. 5 ಗಂಟೆ 5 ನಿಮಿಷಕ್ಕೆ ಬೋಟಿನ ಅಡಿಯಲ್ಲಿ ಒಂದು ಸದ್ದು ಬಂತು. ದೋಸೆ ಹಂಚಿನ ಮೇಲೆ ಸಟ್ಟುಗ ಎಳೆದ ಹಾಗೆ. ಆಮೇಲೆ ಬೋಟು ನಿಂತಿತು. ಹಿಂದಕ್ಕೆ ಎಂಜಿನ್ ಕೊಟ್ಟರೆ ಕಂದು ನೀರು ಕುದಿಯಿತೇ ಹೊರತು ಬೋಟು ಅಲ್ಲಾಡಲಿಲ್ಲ. ಮರಳ ದಿಬ್ಬದ ಮೇಲೆ ಹತ್ತಿ ಕೂತಿದ್ದೆವು. ಸುತ್ತ ನೋಡನೋಡುತ್ತಲೇ ನೀರು ಸರಿಯುತ್ತಿತ್ತು. ಹತ್ತು ನಿಮಿಷದ ಹಿಂದೆ ನೀರಿದ್ದ ಕಡೆ ಈಗ ಏಡಿ ಓಡಾಡುತ್ತಿತ್ತು.

"ಎಷ್ಟೊತ್ತು?" ಅಂತ ಕೇಳಿದೆ. ಬೋಟಿನವರು ಆಕಾಶ ನೋಡಿ, "ಏಳು ಗಂಟೆ" ಅಂದರು. ಗಡಿಯಾರ ನೋಡಲಿಲ್ಲ, ಫೋನ್ ನೋಡಲಿಲ್ಲ.

ಮಕ್ಕಳಿಗೆ ಮೊದಲ ಅರ್ಧ ತಾಸು ಮಜಾ. ಅಳಿಯ ತಂದಿದ್ದ ಚುರುಮುರಿ, ಶೇಂಗಾ ಖಾಲಿಯಾಯಿತು. ನಂತರ ನಿಜವಾದ ತೊಂದರೆ ಶುರು. ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಬೋಟಿನವರು ಯಾರಿಗೋ ಕೂಗಿ ಹೇಳಿದರು. ಒಬ್ಬ ಹುಡುಗ ಪಾತಿ ದೋಣಿ ಉದ್ದ ಬಿದಿರಿನಿಂದ ಒತ್ತಿಕೊಂಡು ಬಂದ. ಇಬ್ಬಿಬ್ಬರನ್ನಾಗಿ ಕುರ್ವೆಯ ಒಂದು ಮನೆಗೆ ಕರೆದುಕೊಂಡು ಹೋಗಿ ಬಂದ, ಆರು ಸಲ. ಆ ಮನೆಯವರು ಎಲ್ಲರಿಗೂ ಚಹಾ ಕೊಟ್ಟು ಕಳಿಸಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲವಂತೆ.

ಅಷ್ಟರಲ್ಲಿ ದೂರದ ಕೊಂಕಣ ರೈಲ್ವೆ ಸೇತುವೆ ಮೇಲೆ ಒಂದು ರೈಲು ಹೋಯಿತು. ಕೊಂಕಣ ರೈಲ್ವೆಯ ಎಲ್ಲಕ್ಕಿಂತ ಉದ್ದದ ಸೇತುವೆ ಅದು, ಎರಡು ಕಿಲೋಮೀಟರಿಗೂ ಜಾಸ್ತಿ. ಕಿಟಕಿ ದೀಪಗಳು ಒಂದರ ಹಿಂದೊಂದು ನೀರಿಲ್ಲದ ನದಿ ಮೇಲೆ ಸರಿದವು. ಅಳಿಯ ನನ್ನ ಕಡೆ ನೋಡಿ, "ಮಾಮಾ, ನಿಮ್ಮ ಗಾಡಿ ಟೈಮಿಗೆ ಹೊಂಟೈತಿ ನೋಡ್ರಿ" ಅಂದ. ನಾನು ಏನೂ ಹೇಳಲಿಲ್ಲ.

ಚಂದ್ರ ಎದ್ದ. ಅದೊಂದು ಮಾತ್ರ ಕಾರ್ಡಿನಲ್ಲಿದ್ದ ಹಾಗೆ ಆಯಿತು. ಧಾರವಾಡದ ಒಬ್ಬ ಅಜ್ಜಿ, ಎಂಬತ್ತರ ಆಸುಪಾಸು, ಕಾಲು ಚಾಚಿ, ಮನೆ ಕಟ್ಟೆ ಮೇಲೆ ಕೂತಷ್ಟು ಆರಾಮಾಗಿ ನೋಡುತ್ತಿದ್ದರು. ಉಳಿದವರು ಅಳಿಯನ ಸುತ್ತ ನಿಂತು ದುಡ್ಡಿನ ಮಾತಾಡುತ್ತಿದ್ದರು. 7 ಗಂಟೆ 5 ನಿಮಿಷಕ್ಕೆ, ಸಿಕ್ಕಿಕೊಂಡು ಸರಿಯಾಗಿ ಎರಡು ತಾಸಿಗೆ, ಬೋಟು ತಾನಾಗಿ ಅಲ್ಲಾಡಿತು. ಹುಬ್ಬಳ್ಳಿ ಮುಟ್ಟಿದಾಗ ರಾತ್ರಿ ಒಂದೂವರೆ. ಅರ್ಧ ದುಡ್ಡು ವಾಪಸ್ ಕೊಟ್ಟೆವು, 15,400 ರೂಪಾಯಿ.

ಮರುದಿನ ಒಂದು ನೋಟ್ ಬುಕ್ ತೆಗೆದು ನಾಲ್ಕು ಸಾಲು ಬರೆದೆ. 24: ಚಲೋ. 1: ಕೆಟ್ಟದ್ದು. 8: ಚಲೋ. 15: ಬಹಳ ಕೆಟ್ಟದ್ದು. ಯಂತ್ರ ಹೀಗೆ ವಾರ ಬಿಟ್ಟು ವಾರ ಕೆಟ್ಟರೆ ಒಳಗೆ ಯಾವುದೋ ಗಾಲಿ ತಿರುಗುತ್ತಿದೆ ಅಂತಲೇ ಅರ್ಥ. ಯಾವ ಗಾಲಿ?

ಉತ್ತರ ಸಿಕ್ಕಿದ್ದು ವೇವರ್ಲಿಯ ವೇಳಾಪಟ್ಟಿಯಲ್ಲಿ. ಆ ಹಡಗು ಬೇಸಿಗೆಯ ಬಹುಪಾಲು ಕ್ಲೈಡ್‌ನಲ್ಲಿರುತ್ತದೆ, ಸೀಸನ್ನಿನಲ್ಲಿ ಕೆಲವು ದಿನ ಬ್ರಿಸ್ಟಲ್ ಚಾನೆಲ್ ಅನ್ನುವ ಕೊಲ್ಲಿಗೂ ಥೇಮ್ಸ್ ಅಳಿವೆಗೂ ಹೋಗುತ್ತದೆ. ಬ್ರಿಸ್ಟಲ್ ಚಾನೆಲ್ಲಿನ ಪಟ್ಟಿಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಓದಿರಲಿಲ್ಲ. ಅಲ್ಲಿನ ಅದೇ ಕ್ಲೀವ್ಡನ್ ಧಕ್ಕೆಯಿಂದ ಒಂದು ದಿನ ಬೆಳಿಗ್ಗೆ ಹೊರಟರೆ ಇನ್ನೊಂದು ದಿನ ಮಧ್ಯಾಹ್ನ. ಎರಡು ದಿನ ಒಂದೇ ಸಮಯ ಇರುವುದು ಅಪರೂಪ. ಮೊದಲೆಲ್ಲ ಇದೆಂಥಾ ಅಶಿಸ್ತು ಅಂದುಕೊಂಡಿದ್ದೆ. ರೈಲ್ವೆಯವರೇ ಕಟ್ಟಿಸಿದ ಹಡಗು ಹೀಗಾ? ಆ ರಾತ್ರಿ ತಿಳಿಯಿತು. ಅಲ್ಲಿ ನೀರು ಏರಿ ಇಳಿಯುವ ಅಂತರ 14 ಮೀಟರ್‌ವರೆಗೆ ಹೋಗುತ್ತದೆ, ಅಂದರೆ ನಾಲ್ಕಂತಸ್ತಿನ ಮನೆಯಷ್ಟು. ಅವರು ಮೊದಲು ನೀರಿನ ಸಮಯ ಬರೆದುಕೊಂಡು, ಆಮೇಲೆ ಹಡಗಿನ ಸಮಯ ಬರೆಯುತ್ತಾರೆ. ನಾನು ಮೊದಲು ಹುಬ್ಬಳ್ಳಿಯ ಉಪ್ಪಿಟ್ಟಿನ ಸಮಯ ಬರೆದಿದ್ದೆ.

ನಮ್ಮ ಕರಾವಳಿಯಲ್ಲಿ ಅಂತರ ಎರಡು ಮೀಟರ್ ಒಳಗೇ. ಆದರೆ ಹೂಳು ತುಂಬಿದ ಅಳಿವೆಯಲ್ಲಿ ಎರಡಡಿ ಮುಳುಗುವ ಬೋಟಿಗೆ ಅಷ್ಟೇ ಸಾಕು.

ಲೆಕ್ಕ ಸುಲಭ. ನೀರು ಏರುವುದಕ್ಕೆ ಮುಖ್ಯ ಕಾರಣ ಚಂದ್ರ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಇನ್ನೂ 50 ನಿಮಿಷ ಬೇಕು. ಹಾಗಾಗಿ ಇವತ್ತು ನಾಲ್ಕಕ್ಕೆ ಪೂರ್ತಿ ಏರಿದ ನೀರು ನಾಳೆ ನಾಲ್ಕೂ ಐವತ್ತಕ್ಕೆ ಏರುತ್ತದೆ. ಏಳು ದಿನಕ್ಕೆ ಏಳು ಐವತ್ತಲೆ 350 ನಿಮಿಷ, ಸುಮಾರು ಆರು ತಾಸು. ಏರಿದ ನೀರು ಪೂರ್ತಿ ಇಳಿಯಲು ಬೇಕಾಗುವುದೂ ಸುಮಾರು ಆರು ತಾಸು. ಅಂದರೆ ಈ ಭಾನುವಾರ ನಾಲ್ಕಕ್ಕೆ ನೀರು ತುಂಬಿದ್ದರೆ ಮುಂದಿನ ಭಾನುವಾರ ನಾಲ್ಕಕ್ಕೆ ಬತ್ತಿರಲೇಬೇಕು. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಹೋಗುವವರಿಗಾಗಿಯೇ ಮಾಡಿಸಿಟ್ಟಂಥ ಬಲೆ. ದಿನವೂ ಹೋಗುತ್ತಿದ್ದರೆ ನೀರು ದಿನದಿನ ಸರಿಯುವುದು ಕಣ್ಣಿಗೆ ಬೀಳುತ್ತಿತ್ತು.

ಬುಧವಾರ ಬೋಟಿನವರಿಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದೆ, ಡೀಸೆಲ್ ಮಾತಿಗೆ. ಆಮೇಲೆ, "ನಿಮಗೆ ಇದೆಲ್ಲ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಅಂದೆ.

"ನೀವು ನಾಲ್ಕು ಗಂಟೆ ಅಂತ ಅಚ್ಚು ಹಾಕ್ಸಿದ್ರಿ. ನಾನು ಎಂತ ಹೇಳೂದು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಮನೆಲಿ ಪಂಚಾಂಗ ಇಲ್ವಾ?"

ಲೆಕ್ಕ ಅವರೇ ಹೇಳಿಕೊಟ್ಟರು. ಅವರ ಮಾತಿನಲ್ಲಿ ಉಬ್ಬರ ಅಂದರೆ ಭರತ. ಒಂದೊಂದು ತಿಥಿಗೆ ಮುಕ್ಕಾಲು ತಾಸಿನಂತೆ ಎಣಿಸಿದರೆ ಭರತ ತುಂಬುವ ಹೊತ್ತು ಬರುತ್ತದೆ. ಚೌತಿಗೆ ನಾಲ್ಕು ಮುಕ್ಕಾಲು ಮೂರು, ಅಂದರೆ ಮೂರು ಗಂಟೆ. ಅಷ್ಟಮಿಗೆ ಆರು. ಏಕಾದಶಿಗೆ ಎಂಟೂ ಕಾಲು. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂ ಕಾಲು. ಹಗಲಿಗೂ ಅದೇ, ರಾತ್ರಿಗೂ ಸುಮಾರಾಗಿ ಅದೇ. ಅರ್ಧ ತಾಸು, ಮುಕ್ಕಾಲು ತಾಸು ಆಚೀಚೆ ಆಗಬಹುದು, ಅಳಿವೆ ಒಳಗೆ ಹೋದಷ್ಟೂ ತಡ. ಖಚಿತ ಸಮಯ ಬೇಕಿದ್ದರೆ ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಬಂದರುಗಳ ಉಬ್ಬರ-ಇಳಿತದ ಪಟ್ಟಿ ಹೊರಡಿಸುತ್ತದೆ. ಆದರೆ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲಸ ನಡೆಯುತ್ತದೆ.

ನಮ್ಮ ದಿನಾಂಕಗಳನ್ನು ಹಿಡಿದು ನೋಡಿದೆ. ಡಿಸೆಂಬರ್ 1 ಅಮಾವಾಸ್ಯೆ. 15 ಹುಣ್ಣಿಮೆ. ಎರಡೂ ದಿನ ಭರತ ಮಧ್ಯಾಹ್ನಕ್ಕೆ ಮೊದಲೇ ಮುಗಿದು, ಸಂಜೆ ಐದಾರರ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಅದರ ಮೇಲೆ ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇಡೀ ತಿಂಗಳಲ್ಲಿ ಸಂಜೆ ಬೋಟಿಗೆ ಹೋಗಲೇಬಾರದ ಎರಡು ದಿನ ಇದ್ದರೆ ಇವೇ. ನಾವು ಅದರಲ್ಲಿ ಒಂದಕ್ಕೆ "ಸ್ಪೆಷಲ್" ಅಂತ ಹೆಸರಿಟ್ಟು ಕಾರ್ಡ್ ಹಂಚಿದ್ದೆವು. ಏಳು ಗಂಟೆ ಅಂತ ಅವರು ಹೇಳಿದ್ದರ ಗುಟ್ಟೂ ಇದೇ. ಇಳಿಯುವ ನೀರಿನಲ್ಲಿ ಸಿಕ್ಕಿಕೊಂಡರೆ ತಳ ಕಾಣಲು ಎಷ್ಟು ಹೊತ್ತು ಬಾಕಿ ಇತ್ತೋ, ಮತ್ತೆ ಅಲ್ಲಿಗೆ ಏರಲೂ ಅಷ್ಟೇ ಹೊತ್ತು.

ಅಳಿಯನಿಗೆ ಆಗಲೇ ಸಾಕಾಗಿತ್ತು. 22ರ ಟ್ರಿಪ್ ರದ್ದು ಮಾಡುತ್ತೇನೆ ಅಂದ. ಅವತ್ತು ಸಪ್ತಮಿ, ಐದೂ ಕಾಲಿಗೆ ಭರತ, ನಾಲ್ಕಕ್ಕೇ ಹೋಗು, ಏನೂ ಆಗಲ್ಲ ಅಂದೆ. "ಮಾಮಾ, ನೀವು ಹೋದ ವಾರಾನೂ ಹಂಗ ಅಂದ್ರಿ." ಕೊನೆಗೆ ನಷ್ಟವಾದರೆ ನನ್ನ ಪೆನ್ಷನ್ನಿನಲ್ಲಿ ಅಂತ ಒಪ್ಪಿಸಿದೆ. ಅವತ್ತು ಆ ಮರಳ ದಿಬ್ಬ ಎಲ್ಲಿದೆ ಅಂತ ಹುಡುಕಿದರೂ ಕಾಣಲಿಲ್ಲ, ಅಷ್ಟು ನೀರು.

29ರದ್ದು ರದ್ದಾಯಿತು, ಆದರೆ ನೀರಿನ ಕಾರಣಕ್ಕಲ್ಲ. ಮರುದಿನ ಎಳ್ಳ ಅಮವಾಸ್ಯೆ. ಚರಗ ಚೆಲ್ಲುವುದು ಬಿಟ್ಟು ಯಾರು ಬರುತ್ತಾರೆ? ನಾಲ್ಕೇ ಸೀಟು ಬುಕ್ ಆಗಿದ್ದವು.

ಪರಿಹಾರಕ್ಕೆ ಖರ್ಚೇನೂ ಬರಲಿಲ್ಲ. ದಿನದ ಕೆಲಸಗಳನ್ನು ಹಿಂದುಮುಂದು ಮಾಡಿದೆವು ಅಷ್ಟೇ. ಅಷ್ಟಮಿ ಹತ್ತಿರದ ಭಾನುವಾರ ಮೊದಲು ಇಡಗುಂಜಿ, ಸಂಜೆ ಬೋಟು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಾದರೆ ಬೆಳಿಗ್ಗೆ ಐದಕ್ಕೇ ಹುಬ್ಬಳ್ಳಿ ಬಿಟ್ಟು, ಹೋದ ತಕ್ಷಣ ಬೋಟು, ಆಮೇಲೆ ಊಟ, ಗಣಪತಿ. ಜನವರಿ 12, ಬನದ ಹುಣ್ಣಿಮೆಯ ಹಿಂದಿನ ದಿನ, ಹೀಗೆ ಮಾಡಿದೆವು. ನೀರು ಭರ್ತಿ. ಬಿಸಿಲು ಅಂತ ಗೊಣಗಿದರು, ಆದರೆ ಬಿಸಿಲಿಗೆ ದುಡ್ಡು ವಾಪಸ್ ಕೇಳುವ ಜನ ನಮ್ಮ ಕಡೆ ಇಲ್ಲ.

ಇಷ್ಟಾದರೂ ಒಂದು ಸಲ ಎಡವಿದೆ. ವಾರ ಬಿಟ್ಟು ವಾರ ಅನ್ನುವುದನ್ನೇ ನಿಯಮ ಮಾಡಿಕೊಂಡು ಕೂತಿದ್ದೆ. ಹದಿನಾಲ್ಕು ದಿನಕ್ಕೆ ಲೆಕ್ಕ ಸಮ ಆಗುವುದಿಲ್ಲ. ಪ್ರತಿ ಎರಡು ವಾರಕ್ಕೆ ಭರತ ಮುಕ್ಕಾಲು ತಾಸಿನಷ್ಟು ಮುಂಚೆ ಬರುತ್ತದೆ. ಜನವರಿ 26, ಬಹುಳ ದ್ವಾದಶಿ, ಒಂಬತ್ತಕ್ಕೇ ತುಂಬಿ ಹೋಗಿತ್ತು. ನಾವು ಬೋಟು ಹತ್ತಿದ್ದು ಹತ್ತೂ ಕಾಲಿಗೆ. ಈ ಸಲ ಬೋಟಿನವರು ಬಾಯಿಬಿಟ್ಟು ಹೇಳಿದರು, ನಾನೂ ಕೇಳಿದೆ. ಸಣ್ಣ ಸುತ್ತಿಗೆ ಮುಗಿಸಿ ತಲೆಗೆ 200 ಕಮ್ಮಿ ತೆಗೆದುಕೊಂಡೆವು. ಫೆಬ್ರವರಿ 2ರ ಬೋಟನ್ನು ಎರಡೂವರೆಗೆ ಇಟ್ಟೆ. ಕಾರ್ಡಿನ ಮೇಲಿನ "4ಕ್ಕೆ ಸರಿಯಾಗಿ" ಮೇಲೆ ಆಗಲೇ ಸ್ಟಿಕ್ಕರ್ ಬಿದ್ದಿತ್ತು: "ಸಮಯಕ್ಕೆ ಫೋನ್ ಮಾಡಿ."

ಬೆಳದಿಂಗಳ ಟ್ರಿಪ್ ಒಂದು ಬಾಕಿ ಉಳಿದಿತ್ತು. ಅಳಿಯ ಅದರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ನಾನೇ ಕ್ಯಾಲೆಂಡರ್ ಹಿಡಿದು ಕೂತೆ. ಹುಣ್ಣಿಮೆಗೆ ಸಂಜೆ ನೀರಿಲ್ಲ, ಸರಿ. ಆದರೆ ಹುಣ್ಣಿಮೆಯೇ ಯಾಕೆ ಬೇಕು? ಶುದ್ಧ ಏಕಾದಶಿ, ದ್ವಾದಶಿಗೆ ಸೂರ್ಯ ಮುಳುಗುವ ಮೊದಲೇ ಚಂದ್ರ ಮೇಲಿರುತ್ತಾನೆ. ಭರತ ರಾತ್ರಿ ಎಂಟೂ ಕಾಲು, ಒಂಬತ್ತು. ಅಂದರೆ ಸಂಜೆ ಐದರಿಂದ ಆರೂವರೆ ಪೂರ್ತಿ ಏರು ನೀರು. ಏರು ನೀರಿನಲ್ಲಿ ಎಲ್ಲಾದರೂ ತಾಗಿದರೂ ಹತ್ತು ನಿಮಿಷ ಕೂತರೆ ಬೋಟು ತಾನೇ ಎದ್ದು ತೇಲುತ್ತದೆ. ಕತ್ತಲಾಗುವಷ್ಟರಲ್ಲಿ ವಾಪಸ್ ಬರಬಹುದು. ಬೋಟಿನವರಿಗೆ ಹೇಳಿದರೆ, "ಹೌದು, ಅದು ಚಲೋ ದಿನವೇ" ಅಂದರು, ನಾನೇನೋ ದೊಡ್ಡದು ಕಂಡುಹಿಡಿದಿಲ್ಲ ಅನ್ನುವ ಹಾಗೆ.

ಫೆಬ್ರವರಿ 9, ಭಾನುವಾರ, ಮಾಘ ಶುದ್ಧ ದ್ವಾದಶಿ. ಡಿಸೆಂಬರ್ 15ರ 22 ಜನಕ್ಕೂ ಅರ್ಧ ದರ ಅಂತ ಫೋನ್ ಮಾಡಿದೆವು. ಒಂಬತ್ತು ಜನ ಬಂದರು. ಉಳಿದವರಲ್ಲಿ ಇಬ್ಬರು ಫೋನ್ ಕಟ್ ಮಾಡಿದರು. ಧಾರವಾಡದ ಅಜ್ಜಿ ಎಲ್ಲರಿಗಿಂತ ಮೊದಲು ಬಸ್ ಹತ್ತಿ ಕಿಟಕಿ ಹಿಡಿದಿದ್ದರು.

ಐದಕ್ಕೆ ಬೋಟು ಬಿಟ್ಟಿತು. ಕಾಂಡ್ಲಾ ಬೇರುಗಳು ಒಂದೊಂದಾಗಿ ಮುಳುಗುತ್ತಿದ್ದವು. ಚಂದ್ರ ಆಗಲೇ ಮೇಲೆ, ಇನ್ನೂ ಬಿಳಿಚಿಕೊಂಡಿದ್ದ. ಕುರ್ವೆ ಸುತ್ತಿ ಬರುವಾಗ ಬೆಳಕು ಹೋಗಿ ನೀರಿನ ಮೇಲೆ ಬೆಳ್ಳಗೆ ಒಂದು ಪಟ್ಟಿ ಬಿದ್ದಿತು. ಬೋಟು ಎಲ್ಲೂ ನಿಲ್ಲಲಿಲ್ಲ. ಧಕ್ಕೆಯ ದೀಪ ಕಾಣುವಾಗ ಅಜ್ಜಿ ನನ್ನ ಅಂಗಿ ಜಗ್ಗಿದರು.

"ಏನೋ ತಮ್ಮಾ, ಅವತ್ತು ಸಿಕ್ಕೊಂಡಿದ್ವಲ್ಲ, ಅದು ಎಲ್ಲಿ?"

"ಅದು ದಾಟಿ ಅರ್ಧ ತಾಸಾತ್ರೀ ಅಜ್ಜಿ. ಈಗ ನೀರಿನ ಕೆಳಗದ."

"ಅಯ್ಯ! ಅಲ್ಲಿ ಸ್ವಲ್ಪ ನಿಂದ್ರಸ್ತೀರಿ ಅಂತ ಚುರುಮುರಿ ಕಟಗೊಂಡು ಬಂದೀನಿ."